ಬಣ್ಣ ಬರಿಸುವುದು

ಅಪ್ಪನಿಗೆ ಆಯಿಲ್ ಪೇಂಟ್ ಕಂಡರೆ ಆಗುತ್ತಿರಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಅವರಿಗೆ ಕ್ವಾರ್ಟರ್ಸ್‌ನ ಬಾಗಿಲು, ಕಿಟಕಿ, ಗೇಟುಗಳ ಮೇಲೆ ಅಧಿಕಾರವಿರಲಿಲ್ಲ. ಅವಕ್ಕೆ ಯಾವ ಬಣ್ಣ ಬಳಿಯಬೇಕೆಂದು ಬೇರೆಯವರು ತೀರ್ಮಾನಿಸುತ್ತಿದ್ದರು. ಮನೆಯೊಳಗಿನ ಸಾಮಾನಿಗೆ ಮಾತ್ರ ಯಾರೂ ಬ್ರಷ್ ಮುಟ್ಟಿಸುವಂತಿರಲಿಲ್ಲ. ಮಣೆ, ಸ್ಟೂಲು, ಪೆಟ್ಟಿಗೆಯ ಚಿಲಕ, ಮಚ್ಚಿನ ಹಿಡಿ, ಹೊಲಿಗೆ ಯಂತ್ರದ ಹಲಗೆ, ಏನೇ ಇರಲಿ, ಮೊದಲು ಬಿಚ್ಚಬೇಕು, ಉಜ್ಜಬೇಕು, ಒಳಗೆ ಏನಿದೆ ಅಂತ ನೋಡಬೇಕು. ಆಮೇಲೆ ಮುಂದಿನ ಮಾತು. "ಬಣ್ಣ ಹಚ್ಚೋದು ಬೇರೆ, ಬಣ್ಣ ಬರ್ಸೋದು ಬೇರೆ" ಎನ್ನುತ್ತಿದ್ದರು. ಭಾನುವಾರ ಹಿತ್ತಿಲಲ್ಲಿ ಒಗೆಯುವ ಕಲ್ಲಿನ ಪಕ್ಕ ಗೋಣಿ ಹಾಸಿದರೆಂದರೆ ಉಪ್ಪುಕಾಗದ ಹಿಡಿದು ಕೂರುವ ಪಾಳಿ ನನ್ನದು. ಅಣ್ಣ ಅಷ್ಟರಲ್ಲಿ ಕ್ರಿಕೆಟ್‌ಗೆ ಓಡಿಹೋಗಿರುತ್ತಿದ್ದ.

ಬಣ್ಣ ಬರಿಸುವುದರಲ್ಲಿ ಅಪ್ಪನನ್ನು ಮೀರಿಸಿದವಳು ಅಮ್ಮ ಎಂದು ನನ್ನ ಅಭಿಪ್ರಾಯ. ಒಂದು ಸಲ ಈಳಿಗೆಮಣೆಯ ಅಲಗು ಕರ್ರಗಾಗಿದೆ ಎಂದು ಅಪ್ಪ ಎಮರಿ ಕಾಗದ ಹಿಡಿದು ಅದನ್ನು ಮುಖ ಕಾಣುವಷ್ಟು ಹೊಳೆಯಿಸಿಟ್ಟರು. ಅಮ್ಮ ಸಂತೋಷಪಡುತ್ತಾಳೆ ಅಂತ ಅವರ ಲೆಕ್ಕ.

"ಏನ್ರೀ ಇದು? ಅಷ್ಟು ವರ್ಷ ಬಾಳೆಕಾಯಿ ಹೆಚ್ಚಿ ಹೆಚ್ಚಿ ಕಟ್ಟಿದ ಕಪ್ಪು ಅದು. ನಿಮ್ಮ ಕಣ್ಣಿಗೆ ಕೊಳೆ ಕಂಡ್ತಾ?"

ಅದು ಮಳೆಗಾಲ. ಬೆಳಗಾಗುವಷ್ಟರಲ್ಲಿ ಹೊಳೆಯುವ ಅಲಗಿನ ಮೇಲೆ ಕೆಂಪು ತುಕ್ಕಿನ ಚುಕ್ಕೆ ಎದ್ದಿತ್ತು, ಹೆಚ್ಚಿದ ಬಾಳೆದಿಂಡೂ ಕಪ್ಪಗಾಗಿತ್ತು. ಬಾಳೆಕಾಯಿ, ಬಾಳೆಹೂವು, ಎಳೆ ಹಲಸು, ಎಲ್ಲದರ ಒಗರಿನಲ್ಲೂ ಟ್ಯಾನಿನ್ ಇರುತ್ತದೆ. ಅದು ಕಬ್ಬಿಣದ ಜೊತೆ ಸೇರಿ ಕಪ್ಪು ಪದರ ಕಟ್ಟುತ್ತದೆ, ಆ ಪದರ ಇರುವ ಅಲಗು ಅಷ್ಟು ಸುಲಭವಾಗಿ ತುಕ್ಕಿಗೆ ಬಗ್ಗುವುದಿಲ್ಲ. ಅಳಲೆಕಾಯಿಯ ರಸಕ್ಕೆ ಕಬ್ಬಿಣ ಸೇರಿಸಿ ಹಿಂದಿನವರು ಶಾಯಿ ಮಾಡುತ್ತಿದ್ದುದೂ ಇದೇ ಗುಣ ನಂಬಿಕೊಂಡು. ಅಪ್ಪ ಮತ್ತೆ ಆ ಅಲಗಿನ ತಂಟೆಗೆ ಹೋಗಲಿಲ್ಲ. ಮಣೆಯ ಹಲಗೆ ಮಾತ್ರ ಅವರ ಪಾಲಿಗೆ ಉಳಿಯಿತು. ಹಲಸಿನ ಮರದ ಹಲಗೆ. ಹೊಸದರಲ್ಲಿ ಅರಿಶಿನ ಬಣ್ಣ, ಗಾಳಿ ಬೆಳಕು ತಾಗಿ ತಾಗಿ ಕಂದು. ಅದಕ್ಕೆ ವರ್ಷಕ್ಕೊಮ್ಮೆ ಅಗಸೆ ಎಣ್ಣೆ ತಿಕ್ಕುತ್ತಿದ್ದರು. ಕೊಬ್ಬರಿ ಎಣ್ಣೆ ಎಷ್ಟು ದಿನವಾದರೂ ಒಣಗುವುದಿಲ್ಲ, ಜಿಡ್ಡಾಗಿಯೇ ಇದ್ದು ಕಮಟು ಹಿಡಿಯುತ್ತದೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಹೀಗೆ ಗಟ್ಟಿಯಾಗುವಾಗ ಬಿಸಿಯೂ ಹುಟ್ಟುತ್ತದೆ, ಅದಕ್ಕೇ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತನ್ನಷ್ಟಕ್ಕೆ ಹೊತ್ತಿಕೊಳ್ಳುವುದುಂಟು. ಕಾರ್ಖಾನೆಯಲ್ಲಿ ಕಲಿತ ಈ ಭಯ ಅಪ್ಪನಿಗೆ ಎಷ್ಟಿತ್ತೆಂದರೆ, ಕೆಲಸ ಮುಗಿದ ತಕ್ಷಣ ಚಿಂದಿಯನ್ನು ನೀರಿನ ಬಕೆಟ್‌ಗೆ ಹಾಕಿಯೇ ಕೈ ತೊಳೆಯುತ್ತಿದ್ದರು.

ಇವೆಲ್ಲ ಸಣ್ಣಪುಟ್ಟ ಕೆಲಸ. ದೊಡ್ಡ ಕೆಲಸ ಬಂದದ್ದು ತೀರ್ಥಹಳ್ಳಿ ಕಡೆಯ ಅಜ್ಜನ ಮನೆ ಹಿಸ್ಸೆಯಾದಾಗ. ದೊಡ್ಡಪ್ಪನಿಗೆ ಮನೆ, ಚಿಕ್ಕಪ್ಪನಿಗೆ ತೋಟದ ಮೇಲಿನ ತುಂಡು, ಅಪ್ಪನಿಗೆ ಸ್ವಲ್ಪ ದುಡ್ಡು ಮತ್ತು ಜಗಲಿಯ ಉಯ್ಯಾಲೆ. "ಕಾರ್ಖಾನೆ ಮನುಷ್ಯ, ಸರಪಳಿ ಇರೋದು ಅವನಿಗೇ ಇರಲಿ" ಎಂದು ದೊಡ್ಡಪ್ಪ ತಮಾಷೆ ಮಾಡಿದರಂತೆ. ಲಾರಿಯಿಂದ ಇಳಿದಾಗ ಅದನ್ನು ನೋಡಿ ಅಮ್ಮ ಮುಖ ಕಿವುಚಿದಳು. ಹಲಗೆಗೆ ಯಾರೋ ಯಾವುದೋ ಮದುವೆಗೆ ಹಸಿರು ಬಳಿದಿದ್ದರು, ಅದರ ಮೇಲೆ ಇನ್ಯಾರೋ ಕಾಫಿ ಬಣ್ಣ. ನಾಲ್ಕು ಮೂಲೆಗೂ ಹಿತ್ತಾಳೆಯ ಕಟ್ಟು, ಕಟ್ಟಿಗೆ ಬಳೆ, ಬಳೆಗೆ ಕಬ್ಬಿಣದ ಸರಪಳಿ, ಮೇಲೆ ತೊಲೆಗೆ ಸಿಕ್ಕಿಸುವ ಕೊಕ್ಕೆ. ಅಷ್ಟಕ್ಕೂ ಅದೇ ಕಾಫಿ ಬಣ್ಣ. ಅಪ್ಪ ಹಲಗೆಯನ್ನು ಮಗುಚಿ, ಅಡಿಯಲ್ಲಿ ಬಣ್ಣ ತಾಗದ ಒಂದು ಕಡೆ ಉಗುರಿನಿಂದ ಕೆರೆದು, ಮೂಸಿದರು. ಬೀಟೆ.

ಬೀಟೆ ಎಂದ ಮೇಲೆ ಅದು ಫಿಟ್ಟರ್ ಒಬ್ಬನ ಕೆಲಸವಲ್ಲ ಎಂದು ಅಪ್ಪನಿಗೆ ಅನ್ನಿಸಿತು. ಶಿವಮೊಗ್ಗದಿಂದ ಒಬ್ಬ ಸಾಬರನ್ನು ಕರೆಸಿದರು. ಕೋರ್ಟು, ಕಚೇರಿಗಳ ಮೇಜು ಕುರ್ಚಿಗೆ ಫ್ರೆಂಚ್ ಪಾಲಿಶ್ ಮಾಡಿ ಹೆಸರಾದವರು. ಬಂದವರು ಹಲಗೆ ನೋಡಿ, ಆಕಾಶ ನೋಡಿ, "ಈಗ ಬೇಡ ಮೇಸ್ತ್ರಿ, ಶಿವರಾತ್ರಿ ಆಗ್ಲಿ" ಎಂದು ಚಹಾ ಕುಡಿದು ಹೊರಟೇಬಿಟ್ಟರು. ಮಲೆನಾಡಿನ ಸೆರಗಿನ ಊರು ನಮ್ಮದು. ಗಾಳಿಯಲ್ಲಿ ತೇವ ಇರುವಾಗ ಅರಗಿನ ಪಾಲಿಶ್ ಹಾಕಿದರೆ ಸ್ಪಿರಿಟ್ ಆರುವ ತಂಪಿಗೆ ನೀರಿನ ಪಸೆ ಬಂದು ಕೂತು ಮೈಯೆಲ್ಲ ಬೆಳ್ಳಗೆ ಮಂಜಾಗುತ್ತದೆ. ಆ ಹಲಗೆ ಚಳಿಗಾಲ ಪೂರ್ತಿ ಮಂಚದ ಕೆಳಗಿತ್ತು.

ಸಾಬರು ಮತ್ತೆ ಬಂದಾಗ ಮೊದಲ ಜಗಳ ಕಾಸ್ಟಿಕ್ ಸೋಡಾದ ಬಗ್ಗೆ. ಹಳೆಯ ಬಣ್ಣ ತೆಗೆಯಲು ಕಾರ್ಖಾನೆಯಲ್ಲಿ ಅದೇ ರೂಢಿ: ಸೋಡಾ ನೀರಿನಲ್ಲಿ ಮುಳುಗಿಸಿದರೆ ಬಣ್ಣ ಸಿಪ್ಪೆ ಸುಲಿದು ಬರುತ್ತದೆ. ಸಾಬರು ಕೊಕ್ಕೆ, ಸರಪಳಿಗೆ ಹೂಂ ಎಂದರು, ಹಲಗೆಗೆ ಸುತರಾಂ ಒಪ್ಪಲಿಲ್ಲ. ಸೋಡಾ ಮರವನ್ನು ಕಪ್ಪು ಮಾಡುತ್ತದೆ, ನಾರು ಎಬ್ಬಿಸುತ್ತದೆ, ಅದಕ್ಕಿಂತ ಹೆಚ್ಚಾಗಿ ರಂಧ್ರದೊಳಗೆ ಉಳಿದುಕೊಂಡು ಆಮೇಲೆ ಹಾಕುವ ಅರಗನ್ನೇ ತಿನ್ನುತ್ತದೆ. ಅರಗು ಸ್ಪಿರಿಟ್‌ನಲ್ಲಿ ಕರಗುವಂತೆಯೇ ಕ್ಷಾರದಲ್ಲೂ ಕರಗುತ್ತದೆ ಎಂಬ ರಸಾಯನಶಾಸ್ತ್ರ ನನಗೆ ತಿಳಿದದ್ದು ಕಾಲೇಜಿನಲ್ಲಿ. ಸಾಬರಿಗೆ ಅದು ಕೈಯಲ್ಲಿ ಗೊತ್ತಿತ್ತು. ಅವರು ಜೋಳಿಗೆಯಿಂದ ತೆಗೆದದ್ದು ಒಡೆದ ಕಿಟಕಿ ಗಾಜಿನ ತುಂಡುಗಳು. ಗಾಜಿನ ಅಂಚನ್ನು ಸ್ವಲ್ಪ ವಾಲಿಸಿ ಎಳೆದರೆ ಬಣ್ಣ ಪುಡಿಯಾಗಿ ಏಳುತ್ತದೆ, ಮರಕ್ಕೆ ಗೀರಾಗುವುದಿಲ್ಲ. ಅಂಚು ಮೊಂಡಾದರೆ ಇನ್ನೊಂದು ತುಂಡು. (ಈಗ ನಾನಾದರೆ ಹಳೆಯ ಬಣ್ಣವನ್ನು ಒಣಗಿದ್ದಂತೆಯೇ ಕೆರೆಯುವುದಿಲ್ಲ, ಒದ್ದೆ ಮಾಡಿಕೊಂಡೇ ತೆಗೆಯುತ್ತೇನೆ, ಮೂಗಿಗೆ ಮಾಸ್ಕ್ ಕಟ್ಟುತ್ತೇನೆ. ನಮ್ಮ ದೇಶದಲ್ಲಿ ಮನೆ ಬಣ್ಣದ ಸೀಸಕ್ಕೆ 90 ಪಿಪಿಎಂ ಎಂಬ ಮಿತಿ ಜಾರಿಗೆ ಬಂದದ್ದು 2017ರಲ್ಲಿ. ಆ ಹಸಿರಿನಲ್ಲಿ ಎಷ್ಟಿತ್ತೋ.)

ಬಣ್ಣದ ಕೆಳಗಿನಿಂದ ಬಂದ ಮರ ನೇರಳೆ ಮಿಶ್ರಿತ ಕಂದು, ನಡುನಡುವೆ ಕಪ್ಪು ಗೆರೆ. ಪುಡಿಯ ಘಾಟಿಗೆ ನನಗೂ ಸಾಬರಿಗೂ ಸೀನು. ಬೀಟೆಯ ಧೂಳು ಕೆಲವರ ಮೂಗು, ಚರ್ಮಕ್ಕೆ ಆಗುವುದಿಲ್ಲ. 80ರ ಕಾಗದ, 120, 180, ಕೊನೆಗೆ 220, ಒಂದೊಂದೂ ಮರದ ನೇರಕ್ಕೇ. ಅಡ್ಡ ಉಜ್ಜಿದ ಒಂದೇ ಒಂದು ಗೀರು ಪಾಲಿಶ್ ಬಿದ್ದ ಮೇಲೆ ಎದ್ದು ಕಾಣುತ್ತದೆ. ನಡುವೆ ಒಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಟ್ಟು, ಸೆಟೆದು ನಿಂತ ನಾರನ್ನು ಮತ್ತೆ ಉಜ್ಜಬೇಕು. ಎಲ್ಲರೂ ಹೊಗಳುವುದು ಹೊಳಪನ್ನು. ನನ್ನನ್ನು ಕೇಳಿದರೆ ಮುಕ್ಕಾಲು ಪಾಲು ಕೆಲಸ ಇಲ್ಲೇ ಮುಗಿದಿರುತ್ತದೆ, ಅಷ್ಟು ಹೊತ್ತಿಗೆ ಹಲಗೆ ಸಪ್ಪಗೆ, ಬೂದಿ ಬಡಿದ ಹಾಗೆ ಕಾಣುತ್ತಿರುವುದರಿಂದ ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಲಗೆಯ ಒಂದು ಕಡೆ ಸಣ್ಣ ಸಣ್ಣ ತಗ್ಗುಗಳಿದ್ದವು. ಒದ್ದೆ ಬಟ್ಟೆ ಮಡಿಸಿಟ್ಟು ಮೇಲೆ ಇಸ್ತ್ರಿ ಪೆಟ್ಟಿಗೆ ಒತ್ತಿದರೆ ಹಬೆಗೆ ನಾರು ಉಬ್ಬಿ ತಗ್ಗು ಮೇಲೇಳುತ್ತದೆ. ಸಾಬರು ಎರಡು ಮೂರು ತಗ್ಗುಗಳನ್ನು ಹಾಗೆ ಎಬ್ಬಿಸಿದರು. ಅಂಚಿನ ಒಂದು ಜಾಗ ಮಾತ್ರ ಬೇರೆ. ಅಲ್ಲಿ ತಗ್ಗಲ್ಲ, ಮರವೇ ನುಣ್ಣಗೆ ಸವೆದು ಬಾಗಿತ್ತು. ಅಜ್ಜ ಕಾಲು ಇಳಿಬಿಟ್ಟು ಕೂರುತ್ತಿದ್ದ ಜಾಗ. ಅದನ್ನು ಹತ್ತರಿ ಹೊಡೆದು ಅಂಚು ನೇರ ಮಾಡಬಹುದು ಎಂದು ಸಾಬರು ಹೇಳಿದಾಗ ಅಪ್ಪ ಬೇಡ ಎಂದರು. "ಸವೆದಿದ್ದನ್ನ ಬಿಡಿ, ಕೆಟ್ಟಿದ್ದನ್ನ ಮಾತ್ರ ಸರಿ ಮಾಡಿ." ಇದರಲ್ಲಿ ಭಾವುಕತೆ ಕಡಿಮೆ. ಬೇರಿಂಗು ಕೂತು ಒಗ್ಗಿದ ಜಾಗವನ್ನು ಫಿಟ್ಟರ್ ಆದವನು ಸುಮ್ಮನೆ ಮುಟ್ಟುವುದಿಲ್ಲ, ಅಷ್ಟೇ.

ಅರಗಿನ ಚಕ್ಕೆಗೆ ಸಾಬರು ಚಪಡಾ ಎನ್ನುತ್ತಿದ್ದರು. ಜೇನು ಬಣ್ಣದ, ತೆಳ್ಳನೆಯ, ಬೆರಳಲ್ಲಿ ಮುರಿದರೆ ಚಟ್ಟೆನ್ನುವ ಚಕ್ಕೆ. ಮುತ್ತುಗ, ಬೋರೆ, ಕುಸುಮದ ರೆಂಬೆಗಳ ಮೇಲೆ ಕೂತು ರಸ ಹೀರುವ ಪುಟ್ಟ ಹುಳುಗಳು ತಮ್ಮ ಮೈಸುತ್ತ ಸುರಿಸಿಕೊಳ್ಳುವ ಅಂಟು ಅದು. ಇವತ್ತಿಗೂ ಹೆಚ್ಚಿನ ಪಾಲು ಬರುವುದು ಜಾರ್ಖಂಡ್, ಛತ್ತೀಸಗಢದ ಕಡೆಯಿಂದ. ರಾಂಚಿ ಹತ್ತಿರದ ನಾಮ್‌ಕುಮ್‌ನಲ್ಲಿ 1924ರಲ್ಲೇ ಅರಗಿನ ಸಂಶೋಧನಾ ಸಂಸ್ಥೆ ಶುರುವಾಯಿತು. ಹಳೆಯ ಗ್ರಾಮಾಫೋನ್ ತಟ್ಟೆ, ಅಂಚೆ ಕಚೇರಿಯ ಸೀಲು, ಅರಗಿನ ಬಳೆ ಎಲ್ಲವೂ ಅದರದೇ. ಚನ್ನಪಟ್ಟಣದವರಿಗೆ ಸ್ಪಿರಿಟ್ಟೂ ಬೇಡ. ಹಾಲೆ ಮರದ ಗೊಂಬೆ ಲೇತಿನಲ್ಲಿ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜುವ ಬಿಸಿಗೇ ಕರಗಿ ಹತ್ತಿಕೊಳ್ಳುತ್ತದೆ, ಮೇಲೊಂದು ಗರಿ ಹಿಡಿದರೆ ಹೊಳಪು.

ಲೀಟರ್ ಸ್ಪಿರಿಟ್‌ಗೆ ತೆಳುವಾಗಬೇಕಾದರೆ 120 ಗ್ರಾಂ ಚಕ್ಕೆ, ಮಂದವಾಗಬೇಕಾದರೆ ಅದರ ಎರಡರಷ್ಟು. ಸಾಬರು ತೂಕ ಮಾಡುತ್ತಿರಲಿಲ್ಲ, ಬಾಟಲಿ ಅಲ್ಲಾಡಿಸಿ ಗಾಜಿನ ಮೇಲೆ ಇಳಿಯುವ ವೇಗ ನೋಡುತ್ತಿದ್ದರು. ಸ್ಪಿರಿಟ್ ವಾಸನೆ ಬಂದರೆ ಅಪ್ಪನಿಗೆ ಕಾರ್ಖಾನೆಯ ಹಳೆಯ ಕಥೆ ನೆನಪಾಗುತ್ತಿತ್ತು. 1923ರಲ್ಲಿ ಅಲ್ಲಿ ಕಬ್ಬಿಣ ಕರಗಲು ಶುರುವಾದಾಗ ಕುಲುಮೆಗೆ ಉರಿ ಕಲ್ಲಿದ್ದಲಿನದಲ್ಲ, ಮಲೆನಾಡಿನ ಕಾಡಿನ ಇದ್ದಿಲಿನದು. ಕಾರ್ಖಾನೆಯ ಮೊದಲ ಹೆಸರಿನಲ್ಲೇ ಮರದ ಬಟ್ಟಿಯೂ ಇತ್ತು, ಕಬ್ಬಿಣವೂ ಇತ್ತು: ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಮರವನ್ನು ಮುಚ್ಚಿದ ಕೋಣೆಯಲ್ಲಿ ಸುಟ್ಟು ಇದ್ದಿಲು ತೆಗೆಯುವಾಗ ಹೊಗೆಯಿಂದ ಟಾರು ಬರುತ್ತಿತ್ತು, ಮರದ ಮದ್ಯಸಾರವೂ ಬರುತ್ತಿತ್ತು. ಕುಡಿಯುವವರ ಬಾಯಿಗೆ ಸಿಗದಿರಲೆಂದು ಮೆಥಿಲೇಟೆಡ್ ಸ್ಪಿರಿಟ್‌ಗೆ ಬೆರೆಸುವ ವಿಷವೇ ಆ ಮದ್ಯಸಾರ. ಅಪ್ಪ ಕೆಲಸಕ್ಕೆ ಸೇರುವ ಹೊತ್ತಿಗೆ ಅದೆಲ್ಲ ಹಿರಿಯರ ಬಾಯಿಮಾತಾಗಿತ್ತು.

ಮರದ ರಂಧ್ರ ತುಂಬಲು ಚಾಕ್ ಪುಡಿ, ಕಾವಿ, ಒಂದಿಷ್ಟು ದೀಪದ ಮಸಿ ಕಲಸಿ ತಿಕ್ಕಿದರು. ಆಮೇಲೆ ಹತ್ತಿಯ ಉಂಡೆಗೆ ಅಪ್ಪನ ಹಳೆಯ ಮಲ್ ಪಂಚೆಯ ತುಂಡು ಸುತ್ತಿ, ಪಾಲಿಶ್ ಕುಡಿಸಿ, ಹಿಂಡಿ, ಹಲಗೆಯ ಮೇಲೆ ಒಂದೇ ಸಮನೆ ಸುತ್ತು. ಮೊದಲ ಒರೆಸಿಗೇ ಬಟ್ಟೆ ನೇರಳೆಯಾಯಿತು. ಬೀಟೆಯ ಬಣ್ಣ ಸ್ಪಿರಿಟ್‌ಗೆ ಬಿಟ್ಟುಕೊಳ್ಳುತ್ತದೆ. ಸಾಬರ ಕೈ ಎಂಟರ ಅಂಕಿ ಬರೆಯುತ್ತ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುತ್ತಿತ್ತು, ಎಲ್ಲೂ ನಿಲ್ಲುತ್ತಿರಲಿಲ್ಲ. ನಿಂತರೆ ಬಟ್ಟೆ ಕಚ್ಚುತ್ತದೆ, ಕೆಳಗಿನ ಪದರ ಕಿತ್ತು ಬರುತ್ತದೆ. ಅದಕ್ಕೇ ನಡುನಡುವೆ ಉಂಡೆಗೆ ಒಂದು ಹನಿ ಅಗಸೆ ಎಣ್ಣೆ. ಒಂದು ಪದರವೆಂದರೆ ಏನೂ ಇಲ್ಲ, ಕಣ್ಣಿಗೆ ಕಾಣುವುದೇ ಇಲ್ಲ. ಪ್ರತಿ ಹೊಸ ಪದರದ ಸ್ಪಿರಿಟ್ ಹಳೆಯದನ್ನು ಸ್ವಲ್ಪ ಕರಗಿಸಿ ಅದರಲ್ಲೇ ಬೆರೆತುಹೋಗುತ್ತದೆ, ಹಾಗಾಗಿ ಎಷ್ಟು ಸಲ ಹಾಕಿದರೂ ಅರಗಿನದು ಒಂದೇ ಪದರ. ಸಾಬರು ಈ ಕೆಲಸಕ್ಕೆ ಬೆಳಗ್ಗೆ ಬಂದು ಮಧ್ಯಾಹ್ನಕ್ಕೆ ಹೋಗಿಬಿಡುತ್ತಿದ್ದರು, ಹಲಗೆ ಮಾರನೆಯ ದಿನದವರೆಗೆ ಗಟ್ಟಿಯಾಗಬೇಕಿತ್ತು. ಅಮ್ಮ ಕೇಳಿದಳು, "ಬ್ರಷ್‌ನಲ್ಲಿ ಒಂದೇ ಸಲ ದಪ್ಪಗೆ ಹೊಡೆದ್ರೆ ಆಗಲ್ವಾ ಸಾಬರೇ?" "ಆಗ್ತದೆ ಅಮ್ಮಾವ್ರೇ. ಹೊಳೀತದೆ. ಒಡೆದಾಗ ಮಾತ್ರ ನನ್ನ ಕರೀಬೇಡಿ."

ಇತ್ತ ಕಬ್ಬಿಣ, ಹಿತ್ತಾಳೆ ಅಪ್ಪನ ಕೈಯಲ್ಲಿದ್ದವು. ತುಕ್ಕು ತೆಗೆದ ಕೊಕ್ಕೆಗಳನ್ನು ಇದ್ದಿಲ ಒಲೆಯ ಮೇಲಿಟ್ಟು ನನ್ನನ್ನು ಕರೆದರು. ಬೆಳ್ಳಗಿದ್ದ ಕಬ್ಬಿಣ ನೋಡನೋಡುತ್ತ ಬಣ್ಣ ತಿರುಗಿತು: 220 ಡಿಗ್ರಿ ದಾಟುವಾಗ ತಿಳಿಹಳದಿ, 260ರ ಹತ್ತಿರ ಕಂದು, 280ಕ್ಕೆ ನೇರಳೆ, 300ರ ಸುಮಾರಿಗೆ ನವಿಲಿನ ಕತ್ತಿನ ನೀಲಿ. ಹೊರಗಿನಿಂದ ಏನೂ ಹಚ್ಚಿರಲಿಲ್ಲ. ಮೈಮೇಲಿನ ಆಕ್ಸೈಡಿನ ಪದರ ದಪ್ಪವಾದಂತೆ ಬೆಳಕು ಅದರೊಳಗೆ ಆಡುವ ಆಟ ಬದಲಾಗುತ್ತದೆ, ಅಷ್ಟೇ. ನೀಲಿ ಕಂಡದ್ದೇ ಇಕ್ಕುಳದಲ್ಲಿ ಹಿಡಿದು ಎಣ್ಣೆಗೆ ಅದ್ದಿದರು. ಬುಸ್ಸೆಂದು ಹೊಗೆ ಎದ್ದು ಕೊಕ್ಕೆ ಕಪ್ಪುನೀಲಿಯಾಗಿ ಹೊರಬಂತು. ಪಕ್ಕದ ಮನೆಯವರೊಬ್ಬರು ತಮ್ಮ ಮಚ್ಚಿಗೂ ಹೀಗೇ ಬಣ್ಣ ಬರಲಿ ಎಂದು ತಂದರು. ಅಪ್ಪ ಹಿಂದಕ್ಕೆ ಕಳಿಸಿದರು. ಹದ ಹಾಕಿದ ಅಲಗನ್ನು ಆ ಬಿಸಿಗೆ ಒಡ್ಡಿದರೆ ಬಣ್ಣವೇನೋ ಬರುತ್ತದೆ, ಹದ ಇಳಿದುಹೋಗುತ್ತದೆ. ಕೊಕ್ಕೆಗೆ ಆ ಚಿಂತೆಯಿಲ್ಲ, ಅದು ಮೆದು ಕಬ್ಬಿಣ.

ಹಿತ್ತಾಳೆಗೆ ಹುಣಸೆಹಣ್ಣು, ಉಪ್ಪು. ಅಮ್ಮನ ಎಚ್ಚರಿಕೆ ಒಂದೇ: ನೆನೆಹಾಕಿ ಮರೆಯಬೇಡಿ. ಹುಳಿಯಲ್ಲಿ ಹೆಚ್ಚು ಹೊತ್ತು ಬಿದ್ದ ಹಿತ್ತಾಳೆ ಗುಲಾಬಿಗೆ ತಿರುಗುತ್ತದೆ, ಸತು ಬಿಟ್ಟುಹೋಗಿ ತಾಮ್ರ ಮೇಲೆ ನಿಲ್ಲುತ್ತದೆ. ನಾಲ್ಕು ಕಟ್ಟುಗಳಲ್ಲಿ ಒಂದು ಮಡಿಕೆಯಲ್ಲಿ ಸೀಳಿತ್ತು. ಯಾರೂ ಹೊಡೆದದ್ದಲ್ಲ, ಭಾರಕ್ಕೆ ಹರಿದದ್ದೂ ಅಲ್ಲ, ಗೆರೆ ಎಳೆದ ಹಾಗೆ ನೇರ ಸೀಳು. ಅಪ್ಪನಿಗೆ ಕಾರಣ ಗೊತ್ತಾಗಲಿಲ್ಲ, ಹೊಸ ತಗಡು ಬಗ್ಗಿಸಿ ಹಾಕಿದರು. ಎಷ್ಟೋ ವರ್ಷದ ಮೇಲೆ ಲೋಹಗಳ ಬಗ್ಗೆ ಓದುವಾಗ ನನಗೆ ಆ ಕಟ್ಟು ನೆನಪಾಯಿತು. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯದ ಹಿತ್ತಾಳೆ ತೋಟೆಗಳು ಮಳೆಗಾಲದಲ್ಲಿ ಇಟ್ಟಲ್ಲೇ ಬಿರಿಯುತ್ತಿದ್ದವು. 1921ರಲ್ಲಿ ಇಂಗ್ಲೆಂಡಿನ ಲೋಹತಜ್ಞರು ಅದಕ್ಕೆ ವಿವರಣೆ ಕೊಟ್ಟರು. ತೋಟೆ ಇಡುತ್ತಿದ್ದದ್ದು ಕುದುರೆ ಲಾಯಗಳಲ್ಲಿ. ಮೂತ್ರದ ಅಮೋನಿಯ, ತೇವ, ತಣ್ಣಗೆ ಬಗ್ಗಿಸಿದ ಹಿತ್ತಾಳೆಯೊಳಗೆ ಉಳಿದ ಬಿಗುವು, ಮೂರೂ ಸೇರಿದರೆ ಲೋಹ ಬಿರಿಯುತ್ತದೆ. ಅಜ್ಜನ ಮನೆಯಲ್ಲಿ ಉಯ್ಯಾಲೆಯ ಒಂದು ತುದಿ ಇದ್ದದ್ದು ಕೊಟ್ಟಿಗೆಯ ಗೋಡೆಗೆ ತಾಗಿ. ಸೀಳಿದ್ದು ಆ ಮೂಲೆಯದೇ ಇರಬೇಕೆಂದು ನನ್ನ ಊಹೆ. ಹೇಳೋಣವೆಂದರೆ ಅಪ್ಪ ಇರಲಿಲ್ಲ.

ಆ ಓದಿನ ನೆವದಲ್ಲೇ ಬೀದರಿಗೂ ಒಮ್ಮೆ ಹೋಗಿ ಬಂದೆ. ಬಿದ್ರಿ ಕೆಲಸದವರು ಸತುವಿನ ಹೂಜಿಗೆ ಬೆಳ್ಳಿ ಕೂರಿಸಿದ ಮೇಲೆ ಕೋಟೆಯೊಳಗಿನ ಹಳೆಯ ಮಣ್ಣು ತಂದು, ನವಸಾಗರ ಕಲಸಿ, ಬಿಸಿ ಮಾಡಿ ತಿಕ್ಕುತ್ತಾರೆ. ಸತುವಿನ ಮೈ ಅಚ್ಚಗಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಅಪ್ಪನನ್ನು ಕರೆದುಕೊಂಡು ಬರಬೇಕಿತ್ತು ಅನ್ನಿಸಿದ್ದು ಅಲ್ಲಿ.

ಈಗ ಉಯ್ಯಾಲೆ ಬೆಂಗಳೂರಿನ ನಮ್ಮ ಫ್ಲ್ಯಾಟಿನಲ್ಲಿದೆ. ಒಳಾಂಗಣದ ಕೆಲಸ ಹಿಡಿದಿದ್ದವರು ಅದನ್ನು ನೋಡಿ, "ಮೇಡಂ, ಪಿಯು ಹೊಡೆದುಬಿಡೋಣ, ಗಾಜಿನ ಥರ ಆಗುತ್ತೆ, ಹತ್ತು ವರ್ಷ ಮುಟ್ಟೋ ಹಾಗಿಲ್ಲ" ಎಂದರು. ಪಿಯು, ಅಂದರೆ ಪಾಲಿಯುರಿಥೇನ್, ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ನಮ್ಮ ಊಟದ ಮೇಜಿಗೆ ಅದೇ ಇದೆ. ಬಿಸಿ ಪಾತ್ರೆ, ಸಾರು, ಸೋಪು ಯಾವುದಕ್ಕೂ ಜಗ್ಗುವುದಿಲ್ಲ, ಅರಗು ಅಲ್ಲಿ ಒಂದು ವಾರವೂ ಬಾಳುತ್ತಿರಲಿಲ್ಲ. ಆದರೆ ಅದು ಒಮ್ಮೆ ಗಟ್ಟಿಯಾದರೆ ಯಾವ ಸ್ಪಿರಿಟ್‌ಗೂ ಮತ್ತೆ ಕರಗುವುದಿಲ್ಲ. ಒಂದು ಕಡೆ ಎದ್ದರೆ ಅಷ್ಟನ್ನೇ ಸೇರಿಸಿ ಮುಚ್ಚಲು ಬರುವುದಿಲ್ಲ, ಇಡೀ ಹಲಗೆಯನ್ನು ಮತ್ತೆ ಉಜ್ಜಬೇಕು. "ಮುಟ್ಟೋ ಹಾಗಿಲ್ಲ" ಎಂದು ಅವರು ಹೆಮ್ಮೆಯಿಂದ ಹೇಳಿದ್ದೇ ನನಗೆ ಬೇಡವಾಗಿದ್ದ ಕಾರಣ. ಇನ್ನೊಂದು ಬೀಟೆ ಹಲಗೆ ತರುತ್ತೇನೆಂದರೂ ಆಗುವ ಮಾತಲ್ಲ. ಸ್ವಂತ ಜಮೀನಿನ ಮರ ಕಡಿಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು, 2017ರಿಂದ ಬೀಟೆಯ ಕುಲಕ್ಕೆ ಸೇರಿದ ಮರಗಳು ದೇಶದ ಗಡಿ ದಾಟಲಿಕ್ಕೂ ಕಾಗದಪತ್ರ ಬೇಕು.

2020ರಲ್ಲಿ ಅರಗಿನ ಪರೀಕ್ಷೆಯಾಯಿತು. ಮನೆಗೆ ಬಂದವರೆಲ್ಲ ಸ್ಯಾನಿಟೈಸರ್ ತಿಕ್ಕಿಕೊಂಡ ಕೈಯಲ್ಲೇ ಉಯ್ಯಾಲೆ ಹಿಡಿದು ಕೂರುತ್ತಿದ್ದರು. ಸ್ಯಾನಿಟೈಸರ್ ಎಂದರೆ ಮುಖ್ಯವಾಗಿ ಮದ್ಯಸಾರವೇ. ಹಲಗೆಯ ಮೇಲೆ ಬೆರಳಿನ ಗುರುತು, ಹನಿಯ ಗುರುತು, ಒಂದು ಕಡೆ ಅಂಗೈಯೇ ಅಚ್ಚಾಗಿತ್ತು. ಗಂಡ ಹೌಹಾರಿದರು. ನಾನು ಬೇಸಗೆಯ ಒಂದು ಒಣ ದಿನ ನೋಡಿ ಹತ್ತಿ ಉಂಡೆ ಕಟ್ಟಿ, ತೆಳು ಪಾಲಿಶ್ ಮುಟ್ಟಿಸಿ, ಗುರುತಿನ ಮೇಲೆ ಹಗುರವಾಗಿ ಸುತ್ತಿದೆ. ಕರಗಿದ್ದು ಕರಗಿದ್ದರಲ್ಲೇ ಸೇರಿಕೊಂಡಿತು. ಸಂಜೆಗೆ ಆ ಅಂಗೈ ಎಲ್ಲಿತ್ತೆಂದು ನನಗೂ ತೋರಿಸಲಾಗಲಿಲ್ಲ.

ಕಾಫಿ ಲೋಟದ ಬಿಳಿ ಬಳೆ ಈಗಲೂ ಬೀಳುತ್ತಿರುತ್ತದೆ. ಅದನ್ನು ಎಬ್ಬಿಸುವ ಕೆಲಸ ಮಗಳು ವಹಿಸಿಕೊಂಡಿದ್ದಾಳೆ. ಎಸ್‌ಜೆಪಿ ರಸ್ತೆಯ ಅಂಗಡಿಯಲ್ಲಿ ಸಿದ್ಧ ಪಾಲಿಶ್ ಸಿಗುತ್ತದೆ, ನಾನು ತರುವುದಿಲ್ಲ. ಕರಗಿಸಿಟ್ಟ ಅರಗು ತಿಂಗಳುಗಟ್ಟಲೆ ನಿಂತರೆ ಒಣಗುವ ಶಕ್ತಿ ಕಳೆದುಕೊಂಡು ಅಂಟಂಟಾಗುತ್ತದೆ, ಆ ಬಾಟಲಿ ಎಂದಿನದೋ ಯಾರಿಗೆ ಗೊತ್ತು. ಚಕ್ಕೆ ತರಿಸಿ ಬೇಕಾದಷ್ಟೇ ಕರಗಿಸಿ, ಬಾಟಲಿಗೆ ತಾರೀಖು ಅಂಟಿಸಿ, ಮೊದಲು ಒಂದು ಗಾಜಿನ ಮೇಲೆ ಬಳಿದು ಒಣಗುತ್ತದೋ ನೋಡುತ್ತೇವೆ. ಈ ಸಲ ಅವಳು ನನ್ನನ್ನು ಕೇಳದೆ ಮೇಣ ತೆಗೆದ, ಬಿಳಿಚಿಕೊಂಡ ಚಕ್ಕೆ ತರಿಸಿದ್ದಾಳೆ. ಬೀಟೆಯ ನೇರಳೆ ಅದರಲ್ಲಿ ಚೆನ್ನಾಗಿ ಕಾಣುತ್ತದಂತೆ, ಸಾಬರ ಜೇನು ಬಣ್ಣ ಎಲ್ಲವನ್ನೂ ಕೆಂಪು ಮಾಡುತ್ತದಂತೆ. ಇರಬಹುದು. ಹಲಗೆಯ ಅಡಿಯಲ್ಲಿ ಒಂದು ಗೇಣು ಜಾಗ ಗೆರೆ ಎಳೆದು ಕೊಟ್ಟಿದ್ದೇನೆ, ಅಲ್ಲಿ ಹಾಕಿ ತೋರಿಸು ಎಂದಿದ್ದೇನೆ. "ಚೆನ್ನಾಗಿ ಬಂದ್ರೆ ಮೇಲೂ ನಂದೇ" ಎಂದು ಈಗಲೇ ಮಾತು ತೆಗೆದುಕೊಂಡಿದ್ದಾಳೆ.